ಮಸ್ಕಿಯ ಬಂಡೆ ನುಡಿದ ಹೆಸರು

ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಬಿರುದುಗಳಿಂದಲೇ ತನ್ನನ್ನು ಕರೆದುಕೊಂಡು ಸ್ವನಾಮವನ್ನು ಮರೆಯಲ್ಲಿರಿಸಿದ ಆ ಶಾಸನಕರ್ತೃ ಯಾರೆಂಬ ಪ್ರಶ್ನೆಗೆ, 1837ರಲ್ಲಿ ಬ್ರಾಹ್ಮೀಲಿಪಿಯ ರಹಸ್ಯವನ್ನು ಭೇದಿಸಿದ ಜೇಮ್ಸ್ ಪ್ರಿನ್ಸೆಪ್ಪನ ಕಾಲದಿಂದಲೂ ವಿದ್ವಾಂಸರು ಸಿಂಹಳದ ಪಾಲಿ ಗ್ರಂಥಗಳನ್ನು ನೆಮ್ಮಿಯೇ ಉತ್ತರವೀಯುತ್ತಿದ್ದರು. ಆ ಉತ್ತರಕ್ಕೆ ಶಿಲೆಯ ಸಾಕ್ಷ್ಯವು ಒದಗಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಅದೂ ಪುರಾತತ್ತ್ವಜ್ಞನಿಗಲ್ಲ, ಚಿನ್ನದ ಅದಿರನ್ನರಸುತ್ತ ಅಲೆಯುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ! ಬಂಡೆಯ ಮೇಲಣ ಪ್ರಾಕೃತ ವಾಕ್ಯದಲ್ಲಿ 'ಅಶೋಕ'ನೆಂಬ ಹೆಸರು ಸ್ಪಷ್ಟವಾಗಿ ಕೊರೆಯಲ್ಪಟ್ಟಿತ್ತು.

ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ನಾಮವು ದೊರೆಯಿತು. ಸಮ್ರಾಟನ ಹೆಸರನ್ನು ಪಾಟಲಿಪುತ್ರದ ನೆಲಕ್ಕಿಂತ ಕನ್ನಡನಾಡಿನ ಹೆಬ್ಬಂಡೆಗಳೇ ಹೆಚ್ಚು ನಿಷ್ಠೆಯಿಂದ ಕಾಪಾಡಿದುವೆಂದರೆ ಅತಿಶಯೋಕ್ತಿಯಾಗದು. ಇಂತಹ ಅಕ್ಷರಗಳು ಎಲ್ಲಿ ಅಡಗಿರುವುವೆಂದು ಯಾರೂ ಮೊದಲೇ ಹೇಳಲಾರರು. ಆದುದರಿಂದ ಉತ್ತರ ಕರ್ನಾಟಕದ ಗುಡ್ಡಗಳಲ್ಲಿ ಕಲ್ಲುಗಣಿಗೆ ಅನುಮತಿ ನೀಡುವ ಮುನ್ನ, ಲಿಪಿಯನ್ನೋದಬಲ್ಲವನೊಬ್ಬನನ್ನು ಅಲ್ಲಿಗೆ ಕಳುಹಿಸಿ ಪರಿಶೀಲಿಸುವ ಪದ್ಧತಿಯನ್ನು ಸರ್ಕಾರವು ಕಡ್ಡಾಯಗೊಳಿಸಬೇಕು.