ಪರಿಹಾರದ ಹಣ ಮತ್ತು ಸಹೋದರಿಯ ಪಾಲು

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಬೇಕಾದ ಜಮೀನಿನ ದರವನ್ನು ರಾಜ್ಯ ಸರಕಾರವು 2025ರ ಸೆಪ್ಟೆಂಬರ್ 16ರಂದು ನಿಗದಿಪಡಿಸಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಜಮೀನಿಗೆ 30 ಲಕ್ಷ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ 75 ಸಾವಿರಕ್ಕೂ ಮಿಕ್ಕಿದ ಎಕರೆ ಭೂಮಿ ನೀರಿನಡಿಗೆ ಹೋಗಲಿದೆ. ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕುಗಳ ಹೊಳೆಸಾಲಿನ ಊರುಗಳಲ್ಲಿ ಈಗ ಇದರದ್ದೇ ಮಾತು. ದರ ಸಾಕೇ, ಹಣ ಯಾವಾಗ ಬರುತ್ತದೆ, ಕಂತಿನಲ್ಲಿ ಕೊಡುತ್ತಾರೋ ಒಮ್ಮೆಗೇ ಕೊಡುತ್ತಾರೋ ಎಂಬ ಪ್ರಶ್ನೆಗಳನ್ನು ರೈತರು ಎತ್ತುತ್ತಿದ್ದಾರೆ. ಅವು ನ್ಯಾಯವಾದ ಪ್ರಶ್ನೆಗಳೇ. ಆದರೆ ನಮ್ಮ ಸಮುದಾಯದೊಳಗೆ ಯಾರೂ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆಯಿದೆ. ಆ ಹಣ ಬಂದಾಗ ಅದರಲ್ಲಿ ಮನೆಯ ಹೆಣ್ಣುಮಕ್ಕಳ ಪಾಲನ್ನು ಅವರ ಕೈಗೆ ಕೊಡುತ್ತೇವೆಯೇ?

ಇದು ಹಳ್ಳಿಯವರ ವಿಷಯವೆಂದು ಪಟ್ಟಣದಲ್ಲಿ ನೆಲೆಸಿದ ನಾವು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ಅನೇಕ ಮನೆಗಳಿಗೆ ಅಜ್ಜನ ಕಾಲದ ಎರಡೋ ಮೂರೋ ಎಕರೆ ಹೊಲ ಊರಲ್ಲಿ ಉಳಿದಿದೆ. ಅದರ ಉತಾರ ತೆಗೆದು ನೋಡಿದರೆ ಸಾಮಾನ್ಯವಾಗಿ ಕಾಣುವುದು ಗಂಡುಮಕ್ಕಳ ಹೆಸರುಗಳೇ. ತಂದೆ ತೀರಿಕೊಂಡ ಮೇಲೆ ವಾರಸಾ ಮಾಡಿಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟುಬಿಡಲಾಗುತ್ತದೆ. ಇಲ್ಲವೆ ಅವರನ್ನು ಕರೆಸಿ ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲಾಗುತ್ತದೆ. ಮಳೆ ನಂಬಿದ ಹೊಲಕ್ಕೆ ಬೆಲೆ ಇಲ್ಲದಿದ್ದ ಕಾಲದಲ್ಲಿ ಯಾರೂ ಇದನ್ನು ದೊಡ್ಡದು ಮಾಡಲಿಲ್ಲ. ಈಗ ಅದೇ ಸರ್ವೆ ನಂಬರು ಕೋಟಿಯ ಲೆಕ್ಕಕ್ಕೆ ಬಂದಿದೆ.

ಒಂದು ಲೆಕ್ಕ ಹಾಕೋಣ. ನಾಲ್ಕು ಎಕರೆ ಒಣ ಜಮೀನು ಮುಳುಗಡೆಗೆ ಹೋದರೆ ಬರುವುದು 1 ಕೋಟಿ 20 ಲಕ್ಷ ರೂಪಾಯಿ. ಮರಣ ಹೊಂದಿದವರಿಗೆ ಸಾಲವಾಗಲಿ ವಸಿಯ್ಯತ್ ಆಗಲಿ ಇಲ್ಲ. ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಎಂದಿಟ್ಟುಕೊಳ್ಳೋಣ. ಶರೀಅತ್ತಿನ ಪ್ರಕಾರ ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 15 ಲಕ್ಷ. ಉಳಿದದ್ದರಲ್ಲಿ ಪ್ರತಿ ಮಗನಿಗೆ 35 ಲಕ್ಷ, ಪ್ರತಿ ಮಗಳಿಗೆ 17 ಲಕ್ಷ 50 ಸಾವಿರ. ತಾಯಿ ಮತ್ತು ಇಬ್ಬರು ಸಹೋದರಿಯರನ್ನು ಬಿಟ್ಟು ಸಹೋದರರೇ ಹಂಚಿಕೊಂಡರೆ ಈ ಮೂವರಿಂದ ಕಿತ್ತುಕೊಂಡದ್ದು 50 ಲಕ್ಷ ರೂಪಾಯಿ. ಐವತ್ತು ರೂಪಾಯಿ ಕದ್ದವನನ್ನು ಕಳ್ಳನೆನ್ನುವ ನಾವು ಇದನ್ನು ಮನೆತನದ ಪದ್ಧತಿ ಎನ್ನುತ್ತೇವೆ.

ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀ(ರ)ಅವರ ಮನೆಯ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಸಅದ್‌ರಿಗೆ ಇಬ್ಬರು ಹೆಣ್ಣುಮಕ್ಕಳು. ಅವರ ಸಹೋದರನು ಅರಬರ ಹಳೆಯ ರೂಢಿಯಂತೆ ಆಸ್ತಿಯನ್ನೆಲ್ಲ ತಾನೇ ತೆಗೆದುಕೊಂಡ. ಸಅದ್‌ರ ಪತ್ನಿ ಎರಡೂ ಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ(ಸ) ಬಳಿಗೆ ಬಂದರು. ಕೈಯಲ್ಲಿ ಏನೂ ಇಲ್ಲದ ಈ ಮಕ್ಕಳ ಮದುವೆ ಹೇಗಾಗಬೇಕು ಎಂದು ಕೇಳಿದರು. ಅಲ್ಲಾಹನೇ ಇದರ ತೀರ್ಮಾನ ಮಾಡುವನು ಎಂದು ಪ್ರವಾದಿ(ಸ) ತಿಳಿಸಿದರು. ಅನಂತರ ವಾರಸು ಹಕ್ಕಿನ ಸೂಕ್ತಗಳು ಅವತೀರ್ಣಗೊಂಡವು. ಪ್ರವಾದಿಯವರು(ಸ) ಆ ಚಿಕ್ಕಪ್ಪನನ್ನು ಕರೆಸಿ, ಮೂರರಲ್ಲಿ ಎರಡು ಭಾಗ ಹೆಣ್ಣುಮಕ್ಕಳಿಗೆ, ಎಂಟನೇ ಒಂದು ಭಾಗ ತಾಯಿಗೆ ಕೊಟ್ಟು ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳುವಂತೆ ಆಜ್ಞಾಪಿಸಿದರು. ಗಮನಿಸಬೇಕಾದ ಮಾತೇನೆಂದರೆ, ಆ ತಾಯಿ ಕೇಳಿಕೊಂಡು ಬಂದದ್ದನ್ನು ಯಾರೂ ಮರ್ಯಾದೆಗೇಡು ಎನ್ನಲಿಲ್ಲ. ಇಂದು ಒಬ್ಬ ಸಹೋದರಿ ತನ್ನ ಪಾಲು ಕೇಳಿದರೆ ತವರಿನ ಬಾಗಿಲೇ ಮುಚ್ಚುತ್ತದೆ. ಪೆರ್ನಾಲಿಗೆ ಬರುವ ಸೀರೆ-ಕುಬಸ ನಿಲ್ಲುತ್ತದೆ, ಅಣ್ಣನ ಮಕ್ಕಳ ಮದುವೆಗೆ ಕರೆ ಬರುವುದಿಲ್ಲ. ಈ ಭಯದಿಂದಲೇ ಆಕೆ 'ನನಗೇನೂ ಬೇಡ' ಎನ್ನುತ್ತಾಳೆ. ನಾವು ಅದನ್ನು ಸ್ವಇಚ್ಛೆ ಎಂದು ಬರೆಸಿಕೊಳ್ಳುತ್ತೇವೆ.

ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡಿದ್ದೇವಲ್ಲ, ಅದೇ ಅವಳ ಪಾಲು ಎಂಬ ಸಮರ್ಥನೆಯೂ ಇದೆ. ಮದುವೆಯ ಖರ್ಚು ತಂದೆ ಬದುಕಿದ್ದಾಗ ಮಾಡಿದ್ದು. ವಾರಸು ಹಕ್ಕು ಹುಟ್ಟುವುದು ಆತನ ಮರಣದ ನಂತರ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಲು ಶರೀಅತ್ತಿನಲ್ಲಿ ಅವಕಾಶವಿಲ್ಲ. ವರದಕ್ಷಿಣೆಯೋ 1961ರ ಕಾಯ್ದೆಯ ಪ್ರಕಾರ ಅಪರಾಧ. ಒಂದು ಅಪರಾಧವನ್ನು ಮಾಡಿ, ಅದನ್ನೇ ಇನ್ನೊಂದು ಅನ್ಯಾಯಕ್ಕೆ ರಶೀದಿಯನ್ನಾಗಿ ತೋರಿಸುವುದು ಯಾವ ನ್ಯಾಯ?

ಇನ್ನು ದೇಶದ ಕಾನೂನು ಏನನ್ನುತ್ತದೆ? ಮುಸ್ಲಿಮ್ ಕಾನೂನಿನಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಎಂಬುದಿಲ್ಲ. ವ್ಯಕ್ತಿ ಮರಣ ಹೊಂದಿದ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರರಿಗೆ ಅವರವರ ಗೊತ್ತಾದ ಪಾಲು ಸಂದಾಯವಾಗುತ್ತದೆ. ಉತಾರದಲ್ಲಿ ಹೆಸರಿಲ್ಲ ಎಂಬ ಮಾತ್ರಕ್ಕೆ ಹಕ್ಕು ಇಲ್ಲವಾಗುವುದಿಲ್ಲ. ಕಂದಾಯ ದಾಖಲೆಗಳು ಒಡೆತನವನ್ನು ಸೃಷ್ಟಿಸುವುದಿಲ್ಲವೆಂದು ಸುಪ್ರೀಮ್ ಕೋರ್ಟು ಮತ್ತೆ ಮತ್ತೆ ಹೇಳಿದೆ. ಆದರೆ ಒಂದು ತೊಡಕನ್ನು ಮುಚ್ಚಿಡಬಾರದು. 1937ರ ಶರೀಅತ್ ಅನ್ವಯ ಕಾಯ್ದೆಯ ಎರಡನೇ ಸೆಕ್ಷನ್ ಕೃಷಿ ಜಮೀನನ್ನು ಹೊರಗಿಟ್ಟಿದೆ. ಕೋರ್ಟಿನಲ್ಲಿ ಸಹೋದರಿಯ ವಿರುದ್ಧ ಇದೇ ಸೆಕ್ಷನ್ ಹಿಡಿದು ವಾದಿಸುವವರು ಸಿಗಬಹುದು. ಹೆಣ್ಣಿಗೆ ಪಾಲಿಲ್ಲದ ರೂಢಿ ತಮ್ಮಲ್ಲಿದೆ ಎನ್ನುವವರು ಅದನ್ನು ತಾವೇ ಸಾಬೀತುಪಡಿಸಬೇಕಾಗುತ್ತದೆ ಎಂಬುದು ಬೇರೆ ಮಾತು. ಶರೀಅತ್ತಿನ ರಕ್ಷಣೆಗೆಂದು ಸಭೆ ನಡೆಸುವ ಜನ, ತಮ್ಮ ಹೊಲದ ಮಟ್ಟಿಗೆ ಶರೀಅತ್ ಅನ್ವಯಿಸುವುದಿಲ್ಲವೆಂದು ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡುವ ದೃಶ್ಯವನ್ನು ಒಮ್ಮೆ ಊಹಿಸಿಕೊಳ್ಳಿ!

2025ರ ವಕ್ಫ್ ತಿದ್ದುಪಡಿ ಕಾಯ್ದೆಯನ್ನು ಸಮುದಾಯವು ವಿರೋಧಿಸಿತು, ಅದಕ್ಕೆ ಬಲವಾದ ಕಾರಣಗಳೂ ಇವೆ. ಅದೇ ಕಾಯ್ದೆಯಲ್ಲಿ, ಕುಟುಂಬದ ಹೆಸರಿನ ವಕ್ಫ್‌ನಿಂದ ಹೆಣ್ಣುಮಕ್ಕಳ ವಾರಸು ಹಕ್ಕು ತಪ್ಪಬಾರದು ಎಂಬ ಒಂದು ವಾಕ್ಯ ಸೇರಿದೆ. ಹೆಣ್ಣಿಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ಪಾಲು ಕೊಟ್ಟ ಧರ್ಮದವರಿಗೆ ಸರಕಾರ ಇದನ್ನು ಬರೆದು ಹೇಳುವಂತಾದದ್ದು ಏಕೆ? ನೆರೆಮನೆಯ ಹಿಂದೂ ಸಹೋದರಿಯರಿಗೆ 2005ರ ತಿದ್ದುಪಡಿಯೂ 2020ರ ಸುಪ್ರೀಮ್ ಕೋರ್ಟ್ ತೀರ್ಪೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿವೆ. ನಮ್ಮ ಹೆಣ್ಣುಮಕ್ಕಳು ಅದನ್ನು ನೋಡುತ್ತಿದ್ದಾರೆ.

ಭೂಸ್ವಾಧೀನದ ವಿಷಯದಲ್ಲಿ ನಡೆಯುವ ಕ್ರಮ 2013ರ ಕಾಯ್ದೆಯದ್ದು. ಉತಾರದಲ್ಲಿ ಹೆಸರಿದ್ದವರಷ್ಟೇ ಅಲ್ಲ, ಪರಿಹಾರದಲ್ಲಿ ಹಕ್ಕು ಹೇಳುವ ಯಾರೂ ಅದರ ದೃಷ್ಟಿಯಲ್ಲಿ ಹಿತಾಸಕ್ತರೇ. ಸಹೋದರಿಯು ತಂದೆಯ ಮರಣ ಪ್ರಮಾಣಪತ್ರ, ವಂಶಾವಳಿ ಮತ್ತು ಉತಾರದ ನಕಲುಗಳೊಂದಿಗೆ ವಿಶೇಷ ಭೂಸ್ವಾಧೀನಾಧಿಕಾರಿಯವರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಹಂಚಿಕೆಯಲ್ಲಿ ತಕರಾರಿದ್ದರೆ ಹಣವನ್ನು ಒಬ್ಬರ ಖಾತೆಗೆ ಹಾಕದೆ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಐತೀರ್ಪಿಗೆ ಮುಂಚೆಯೇ ಅರ್ಜಿ ಕೊಡುವುದು ಕ್ಷೇಮ. ಐತೀರ್ಪಿನ ವೇಳೆ ಹಾಜರಿದ್ದವರಿಗೆ ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಕೇಳಲು ಇರುವುದು ಆರು ವಾರ ಮಾತ್ರ. ಒಪ್ಪಂದದ ಐತೀರ್ಪಿಗೆ ಸಹಿ ಹಾಕುವ ಮುನ್ನ ಅದರಲ್ಲಿ ಯಾರ್ಯಾರ ಹೆಸರಿದೆ ಎಂದು ಓದಿಸಿ ತಿಳಿಯಬೇಕು. ಹಣ ಈಗಾಗಲೇ ಸಹೋದರನ ಖಾತೆಗೆ ಹೋಗಿದ್ದರೂ, ಹಕ್ಕಿನವರಿಗೆ ಅವರ ಭಾಗವನ್ನು ಕೊಡುವ ಹೊಣೆಯಿಂದ ಆತ ಮುಕ್ತನಲ್ಲವೆಂದು ಅದೇ ಕಾಯ್ದೆಯಲ್ಲಿದೆ.

ಕೋರ್ಟು ಕೊನೆಯ ಮಾತು. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಅಂಜುಮನ್ ಮತ್ತು ಮಸೀದಿ ಕಮಿಟಿಗಳದ್ದು. ಮುಳುಗಡೆಯ ಪಟ್ಟಿಯಲ್ಲಿರುವ ಜಮಾಅತಿನ ಮನೆಗಳನ್ನು ಗುರುತಿಸಿ, ಆಲಿಮರೊಬ್ಬರಿಂದ ವಾರಸಿನ ಲೆಕ್ಕ ಮಾಡಿಸಿ, ಸಹೋದರ ಸಹೋದರಿಯರನ್ನು ಒಟ್ಟಿಗೆ ಕೂರಿಸಿ ಬರವಣಿಗೆ ಮಾಡಿಸುವುದು ಕಷ್ಟದ ಕೆಲಸವಲ್ಲ. ಎರಡು ಜುಮಾ ಖುತ್ಬಾಗಳನ್ನು ಈ ವಿಷಯಕ್ಕೆ ಮೀಸಲಿಡಬಹುದು. ರಬಕವಿ-ಬನಹಟ್ಟಿಯ ನೇಕಾರ ಕುಟುಂಬಗಳಿಗೆ ಹೊಲವಿಲ್ಲದಿರಬಹುದು. ಮನೆ, ಜಾಗ, ಮಗ್ಗಗಳಿವೆ. ಅವಕ್ಕೆ ಮೇಲೆ ಹೇಳಿದ ಕೃಷಿ ಜಮೀನಿನ ತೊಡಕೂ ಇಲ್ಲ.

ಇಷ್ಟಾಗಿಯೂ ಮನೆಯವರು ಕೇಳದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತೆರೆದಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಗೆ ವಕೀಲರ ನೆರವು ಉಚಿತ. ಅದಕ್ಕೆ ಆದಾಯದ ಮಿತಿಯಿಲ್ಲ.