ಅವರು ಹೋದರೆ ವಿಶ್ರಾಂತಿ, ನಮ್ಮವರು ಹೋದರೆ ‘ಘಾಟಿ’

ಯುರೋಪಿನ ಪಿಂಚಣಿದಾರರು ಗೋವಾದಲ್ಲಿ ಬಂದು ಉಳಿಯೋದು ಯಾಕೆ? ಅವರೂರಲ್ಲಿ ಹಿಮ ಬೀಳುವಾಗ ಇಲ್ಲಿ ಬಿಸಿಲು. ಪೌಂಡ್ ಮುರಿಸಿದರೆ ಕೈತುಂಬ ರೂಪಾಯಿ ಸಿಗುತ್ತದೆ. ಅಡುಗೆಗೆ, ಕಸ ಗುಡಿಸಲು, ಮನೆ ಕಟ್ಟಲು ಅಗ್ಗದ ಆಳೂ ಸಿಗುತ್ತಾರೆ.

ಆ ಆಳುಗಳಲ್ಲಿ ನಮ್ಮವರೂ ಇದ್ದಾರೆ. ಮಳೆ ಕೈಕೊಟ್ಟಾಗ ಕುರ್ತಕೋಟಿ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಗದಗಿಗೆ ಬಂದು ರೈಲು ಹತ್ತಿದವರು.

ಅವರಿಗೆ ಸಾಹೇಬರೆಂಬ ಮರ್ಯಾದೆ, ನಮ್ಮವರಿಗೆ ‘ಘಾಟಿ’ ಎಂಬ ಬೈಗುಳ. 2017ರ ಸೆಪ್ಟೆಂಬರಿನಲ್ಲಿ ವಾಸ್ಕೋದ ಬೈನಾ ಬೀಚಿನಲ್ಲಿ ಬುಲ್ಡೋಜರ್ ಹರಿದದ್ದು ಕನ್ನಡಿಗರ ಮನೆಗಳ ಮೇಲೆ.

ಬಿಸಿಲು ಹುಡುಕಿ ಬಂದವರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗಾಗಿ ದುಡಿಯುವ ನಮ್ಮವರಿಗೊಂದು ಸೂರು ಕೇಳಲು ನಮ್ಮ ನಾಯಕರು ಬಾಯಿ ಬಿಡಲಿ. ವೋಟಿನ ದಿನ ಬಸ್ ಕಳಿಸಿ ಕರೆಸಿಕೊಳ್ಳುವವರಿಗೆ ಅವರ ವಿಳಾಸ ಗೊತ್ತಿಲ್ಲವೇ?