ಎರಡು ವಿಮಾನ ನಿಲ್ದಾಣಗಳ ಅಂತರವೂ ರೈತನ ದಾರಿಯೂ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೂ ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೂ ನೆಟ್ಟಗೆ ಅಳೆದರೆ ಸುಮಾರು 75 ಕಿ.ಮೀ. ಅಂತರವಿದೆ, ಹಿರಿಯರ ಲೆಕ್ಕದಲ್ಲಿ ಹದಿನೈದು ಹರದಾರಿ. ತಾಸಿಗೆ 500 ಕಿ.ಮೀ. ಸಾಗುವ ಸಣ್ಣ ವಿಮಾನವು, ಏರಿ ಇಳಿಯುವ ಕಾಲವನ್ನು ಸೇರಿಸಿದರೂ, ಇದನ್ನು ಅರ್ಧ ತಾಸಿನೊಳಗೆ ಕ್ರಮಿಸಬಲ್ಲದು. ಈ ಅಂಕಿಯನ್ನು ಕೇಳಿದವರಿಗೆ ಈ ಎರಡು ಊರುಗಳ ನಡುವೆಯೂ ವಿಮಾನ ಸಂಚಾರವಿರಬೇಕೆಂಬ ಆಸೆ ಹುಟ್ಟುವದು ಸಹಜವೇ. ಆದರೆ ಎಣಿಕೆ ಅಪೂರ್ಣವಾದದ್ದು. ಪ್ರಯಾಣಿಕನು ಒಂದು ತಾಸಿಗೂ ಮುಂಚಿತವಾಗಿ ನಿಲ್ದಾಣವನ್ನು ಸೇರಬೇಕು. ಇಳಿದ ಮೇಲೆ ಗಂಟುಮೂಟೆಗಾಗಿ ಕಾಯಬೇಕು. ಅಷ್ಟರಲ್ಲಿ ಹೆದ್ದಾರಿಯ ಮೋಟಾರು ಕಿತ್ತೂರನ್ನು ದಾಟಿ ಧಾರವಾಡವನ್ನು ಸಮೀಪಿಸಿರುತ್ತದೆ.

ಗ್ರಾಮಗಳ ಮುಖಂಡರೂ ಜಮೀನುದಾರರೂ ಆಲೋಚಿಸತಕ್ಕದ್ದು ಬೇರೊಂದು ದೂರವನ್ನು. ಬೈಲಹೊಂಗಲವು ಸಾಂಬ್ರಾಕ್ಕೆ ನೆಟ್ಟಗೆ 30 ಕಿ.ಮೀ.ಗಿಂತ ಕಡಿಮೆ. ಕಿತ್ತೂರಿಗೂ ಸಾಂಬ್ರಾವೇ ತುಸು ಹತ್ತಿರ. ಸವದತ್ತಿಗೆ ಹುಬ್ಬಳ್ಳಿ ಸುಮಾರು 45, ಸಾಂಬ್ರಾ ಸುಮಾರು 55. ರಾಮದುರ್ಗದ ಸ್ಥಿತಿಯಾದರೋ ವಿಲಕ್ಷಣವಾದದ್ದು: ಅಲ್ಲಿಂದ ಎರಡು ನಿಲ್ದಾಣಗಳೂ ತಲಾ 70 ಕಿ.ಮೀ.ಗಳಷ್ಟು ದೂರವಿರುವದರಿಂದ, ನಕಾಶೆಯ ಮೇಲೆ ಈ ಮೂರನ್ನೂ ಗೆರೆಯಿಂದ ಕೂಡಿಸಿದರೆ ಹೆಚ್ಚುಕಡಿಮೆ ಸಮಭುಜ ತ್ರಿಕೋನವೇ ಆಗುವದು. ಇವೆಲ್ಲ ಹಕ್ಕಿಯ ದಾರಿ. ರೈತನ ಗಾಡಿಯು ಹಳ್ಳಕೊಳ್ಳಗಳನ್ನು ಸುತ್ತಿ ಹೋಗಬೇಕಾದದ್ದರಿಂದ ಅವನ ದಾರಿ ಇನ್ನೂ ಉದ್ದ. ಬೆಂಗಳೂರಿಗೆ ಎರಡರಲ್ಲಿ ಯಾವ ನಿಲ್ದಾಣದಿಂದ ಹೊರಟರೂ ಹಾರಾಟಕ್ಕೆ ಬೇಕಾಗುವದು ಒಂದು ತಾಸಿನ ಆಚೀಚೆ. ರಾಮದುರ್ಗದವನಿಗೆ ನಿಲ್ದಾಣ ಮುಟ್ಟುವದಕ್ಕೇ ಅದರ ಇಮ್ಮಡಿ.

ಪ್ರಾದೇಶಿಕ ವಿಮಾನ ಸಂಚಾರದ ಉಡಾನ್ ಯೋಜನೆಯು 2016ರಲ್ಲಿ ಪ್ರಕಟವಾದ ಮೇಲೆ ಎರಡು ನಿಲ್ದಾಣಗಳೂ ಒಂದರ ನಂತರ ಒಂದು ಅದರಲ್ಲಿ ಸೇರಿದವು. ಅಂದಿನಿಂದ, ಒಂದು ಊರಿಗೆ ಬಂದ ವಿಮಾನವನ್ನು ಮತ್ತೊಂದು ಊರಿಗಾದ ನಷ್ಟವೆಂದು ಭಾವಿಸುವ ವಾದವೂ ಬೆಳೆದಿದೆ. ಪಟ್ಟಣಗಳ ಈ ಪೈಪೋಟಿಯಲ್ಲಿ ಈ ನಾಲ್ಕು ತಾಲೂಕುಗಳ ರೈತರು ಪಕ್ಷ ವಹಿಸುವದರಿಂದ ಏನೂ ದೊರೆಯದು. ಜೋಳ, ಹತ್ತಿ, ಕಬ್ಬು, ಸೋಯಾ ಅವರೆ ಇವು ವಿಮಾನದ ಬಾಡಿಗೆಯನ್ನು ತಾಳುವ ಮಾಲುಗಳಲ್ಲ. ಹೂವು, ಎಳೆಯ ಕಾಯಿಪಲ್ಯ, ಬೇಗ ಕೆಡುವ ಹಣ್ಣುಗಳಿಗೆ ಮಾತ್ರ ಅದು ಒದಗೀತು. ಅವಾದರೂ ಕೆಡುವದು ಆಕಾಶದಲ್ಲಲ್ಲ. ಕೊಯ್ದ ಹೊಲದಿಂದ ಡಾಂಬರು ರಸ್ತೆಗೆ ಬರುವಷ್ಟರಲ್ಲಿ, ಬಿಸಿಲಿನಲ್ಲಿ ಗಾಡಿ ನಿಂತಾಗ. ಬೈಲಹೊಂಗಲದಲ್ಲಿ ಅಥವಾ ಸವದತ್ತಿಯಲ್ಲಿ ಒಂದು ಶೀತಗೃಹವಿದ್ದರೆ ಆಗುವ ಉಪಕಾರವನ್ನು ಹತ್ತು ಹೊಸ ವಿಮಾನಗಳು ಮಾಡಲಾರವು.

ಎರಡು ನಗರಗಳನ್ನು ಹತ್ತಿರ ತರತಕ್ಕ ನಿಜವಾದ ಸಾಧನವೆಂದರೆ 2020ರಲ್ಲಿ ಮಂಜೂರಾದ, ಸುಮಾರು 73 ಕಿ.ಮೀ. ಉದ್ದದ ಧಾರವಾಡ–ಕಿತ್ತೂರು–ಬೆಳಗಾವಿ ರೈಲುಮಾರ್ಗ. ಹಳೆಯ ಹಳಿಯು ಲೋಂಡಾದ ಕಾಡನ್ನು ಸುತ್ತಿ ಹೋಗುವದನ್ನು ಎಲ್ಲರೂ ಬಲ್ಲರು. ಹತ್ತಿಯ ಅಂಡಿಗೆಗೂ ಜೋಳದ ಚೀಲಕ್ಕೂ ಒದಗುವದು ಈ ನೇರ ಹಳಿಯೇ. ಇದಕ್ಕಾಗಿ ಫಲವತ್ತಾದ ಜಮೀನು ಹೋಗುವದೆಂದು ಕೆಲವು ಹಳ್ಳಿಗಳವರು ಎತ್ತಿದ ಆಕ್ಷೇಪವನ್ನು ಹಟವೆಂದು ತಳ್ಳಿಹಾಕತಕ್ಕದ್ದಲ್ಲ. ನೀರಾವರಿ ಹೊಲಗಳನ್ನು ಸಾಧ್ಯವಿದ್ದಷ್ಟು ತಪ್ಪಿಸಿ, ಪರಿಹಾರವನ್ನು ಮೊದಲೇ ಕೈಗೆ ಕೊಟ್ಟು, ಅನಂತರವೇ ಗುದ್ದಲಿ ಹಾಕುವದು ನ್ಯಾಯ.

ರಾಮದುರ್ಗಕ್ಕೆ ಆ ಹಳಿಯೂ ದೂರವೇ. ಅಲ್ಲಿಯ ಪ್ರಮುಖರು ಸರಕಾರಕ್ಕೆ ಬರೆಯುವ ಅರ್ಜಿಯಲ್ಲಿ ವಿಮಾನದ ಮಾತಿಗಿಂತ ಮುಂಚೆ ಸವದತ್ತಿಯ ಮೇಲಿಂದ ಧಾರವಾಡಕ್ಕೆ ಹೋಗುವ ರಸ್ತೆಯನ್ನೂ, ಮಳೆಗಾಲದಲ್ಲಿ ಯಾವ ಯಾವ ಹಳ್ಳದ ದಂಡೆಯಲ್ಲಿ ಗಾಡಿಗಳು ಎಷ್ಟೆಷ್ಟು ತಾಸು ನಿಲ್ಲುವವೆಂಬುದನ್ನೂ ಊರವಾರು ನಮೂದಿಸುವದು ಯೋಗ್ಯ.